ಹೊಯ್ಗೆ ಇದ್ದಲ್ಲೆಲ್ಲ ಮರುಭೂಮಿ ಆಗದು: ಉಡುಪಿ ತೀರದ ಎಟಿವಿ–ಒಂಟೆ ಸವಾರಿಯ ಒಂದು ಪ್ರಕರಣ ಅಧ್ಯಯನ

ಡಿಸೆಂಬರ್ ಕೊನೆಯ ಒಂದು ಭಾನುವಾರ, ಸಂಜೆ 4.50. ಉಡುಪಿ ಜಿಲ್ಲೆಯ ಒಂದು ಕಡಲತೀರದಲ್ಲಿ 125 ಸಿಸಿಯ ಎಟಿವಿಯೊಂದು (ದಪ್ಪ ಟೈರಿನ, ನಾಲ್ಕು ಚಕ್ರದ ತೆರೆದ ಸವಾರಿ ಗಾಡಿ) ಕಡಲ ಬದಿಗೆ ಮಗುಚಿತು. ಓಡಿಸುತ್ತಿದ್ದವರು ಹುಬ್ಬಳ್ಳಿ ಕಡೆಯಿಂದ ರಜೆಗೆ ಬಂದವರು. ಅವರ ಮುಂದೆ, ಟ್ಯಾಂಕಿಗೆ ಒರಗಿ, 9 ವರ್ಷದ ಮಗಳು. ಮಗು ಒದ್ದೆ ಹೊಯ್ಗೆಯ ಮೇಲೆ ಉರುಳಿ ತರಚುಗಾಯದಲ್ಲಿ ಪಾರಾಯಿತು. ತಂದೆ ಕೈಯೂರಿ ಬಿದ್ದ ಕಾರಣ ಎಡ ಮಣಿಕಟ್ಟಿನ ಮೂಳೆ ಮುರಿಯಿತು. ಅದಕ್ಕೆ ಇಪ್ಪತ್ತು ನಿಮಿಷ ಮೊದಲು, ಹೆಂಗಸೊಬ್ಬರು ಜೀನಿಗೆ ಒಂದು ಕಾಲು ಹಾಕಿದ್ದಷ್ಟರಲ್ಲೇ ಒಂಟೆ ಎದ್ದು ನಿಂತು ಅವರನ್ನು ಕೆಡವಿತ್ತು. ಮಗುಚಿದ ಗಾಡಿಯನ್ನು ಎಳೆಯಲು ಹೋದ 200 ಸಿಸಿ ಗಾಡಿ ಬೆಲ್ಟ್ ಸುಟ್ಟುಕೊಂಡು ಅಲ್ಲೇ ನಿಂತಿತು. ರಾತ್ರಿ ಎಂಟರ ಹೊತ್ತಿಗೆ ಆರು ಗಾಡಿಗಳಲ್ಲಿ ಓಡುವ ಸ್ಥಿತಿಯಲ್ಲಿದ್ದದ್ದು ಎರಡೇ.

ನಡೆಸುವವರು ಬರೆದುಕೊಂಡ ಕಾರಣ ಒಂದು ಸಾಲಿನದು: "ಗಿರಾಕಿ ಹ್ಯಾಂಡಲ್ ಜೋರಾಗಿ ತಿರುಗಿಸಿದರು." ಸುಳ್ಳೇನಲ್ಲ. ಆದರೆ ಆ ಜಾಗಕ್ಕೆ, ಆ ಹೊತ್ತಿಗೆ, ಆ ಟೈರಿನಲ್ಲಿ, ಒಬ್ಬರ ಸೀಟಿನಲ್ಲಿ ಇಬ್ಬರನ್ನು ಕೂರಿಸಿ ಕಳಿಸಿದವರು ಯಾರು ಎಂಬ ಪ್ರಶ್ನೆ ಆ ಸಾಲಿನಲ್ಲಿ ಇಲ್ಲ. ಮರುಭೂಮಿಯ ಕಾರ್ಯಕ್ರಮವನ್ನು ಹಾಗೇ ಕಿತ್ತು ತಂದು ಕಡಲ ಬದಿಯಲ್ಲಿ ನೆಟ್ಟದ್ದು ಇಲ್ಲಿನ ಬೇರು. ಅಲ್ಲಿ ಸವಾರಿಯ ವೇಳೆ ನಿಗದಿ ಮಾಡುವುದು ಬಿಸಿಲು, ಇಲ್ಲಿ ನೀರು. ಈ ಬರಹದ ಉಳಿದದ್ದೆಲ್ಲ ಈ ಒಂದು ವ್ಯತ್ಯಾಸದ ಲೆಕ್ಕ. ನಡೆಸುವವರ ಹೆಸರು, ತೀರದ ಹೆಸರು ಇಲ್ಲಿ ಬೇಕಾಗಿಲ್ಲ. ಇದೇ ತಪ್ಪು ಯಾವ ತೀರದಲ್ಲೂ ಆಗಬಹುದು.

ಏನು ನಡೆಯುತ್ತಿತ್ತು

ವ್ಯವಹಾರ ಸಣ್ಣದು. 125 ಸಿಸಿಯ ನಾಲ್ಕು ಗಾಡಿ, 200 ಸಿಸಿಯ ಎರಡು, ಎರಡು ಗಂಡು ಒಂಟೆ, ಅವುಗಳ ಜೊತೆ ರಾಜಸ್ಥಾನದ ಇಬ್ಬರು ಒಂಟೆಯವರು, ಊರಿನ ಐದು ಹುಡುಗರು. ಪ್ಯಾಕೇಜಿನ ಹೆಸರು 'ಡೆಸರ್ಟ್ ಸಫಾರಿ'. ಮನೆಗೊಬ್ಬರು ಗಲ್ಫಿನಲ್ಲಿರುವ ಕರಾವಳಿಯಲ್ಲಿ ಈ ಹೆಸರಿಗೆ ವಿವರಣೆ ಬೇಡ. ದುಬೈಗೆ ಹೋದ ಅಳಿಯ ಲಹ್‌ಬಾಬಿನ ಕೆಂಪು ದಿಬ್ಬಗಳ ಮೇಲೆ ನಿಂತ ಫೋಟೊ ಎಲ್ಲರ ಮೊಬೈಲಿನಲ್ಲೂ ಉಂಟು. ಇಲ್ಲಿನ ಗಿರಾಕಿಗಳು ಹೋಮ್‌ಸ್ಟೇ, ರೆಸಾರ್ಟುಗಳಲ್ಲಿ ಎರಡು ದಿನ ತಂಗಿ ಕಡಲು ನೋಡಲು ಬಂದ ಬೆಂಗಳೂರು, ಹುಬ್ಬಳ್ಳಿ, ಶಿವಮೊಗ್ಗ ಕಡೆಯ ಕುಟುಂಬಗಳು. 25 ನಿಮಿಷ ಎಟಿವಿ, 15 ನಿಮಿಷ ಒಂಟೆ, ಕೊನೆಗೆ ಅಲೆಯ ಅಂಚಿನಲ್ಲಿ ಸೂರ್ಯಾಸ್ತದ ಫೋಟೊ. ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ.

ಮಾದರಿ ಬಂದದ್ದು ಎರಡು ಕಡೆಯಿಂದ: ದುಬೈಯ ಸಫಾರಿ, ಮತ್ತು ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರ್ ದೂರದ ಸಮ್ ದಿಬ್ಬಗಳು. ಅಲ್ಲಿ ಹೊಯ್ಗೆ ಒಣಗಿರುತ್ತದೆ. ದಿಬ್ಬದ ಗಾಳಿಮರೆಯ ಮುಖ 30ರಿಂದ 34 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ, ಜೀಪುಗಳು ಟೈರಿನ ಗಾಳಿಯನ್ನು ಸುಮಾರು 15 ಪಿಎಸ್‌ಐಗೆ ಇಳಿಸಿಕೊಂಡು ಹತ್ತುತ್ತವೆ. ಬೆಳಿಗ್ಗೆ ಇದ್ದ ನೆಲ ಸಂಜೆಗೂ ಅಲ್ಲೇ ಇರುತ್ತದೆ. ನಮ್ಮ ತೀರದಲ್ಲಿ ಓಡಿಸಲು ತಕ್ಕ ನೆಲ ದಿನಕ್ಕೆ ಎರಡು ಸಲ ಕಡಲಿನೊಳಗೆ ಹೋಗಿ ಬರುತ್ತದೆ.

ತೀರದ ಮೂರು ಪಟ್ಟಿ

ಗಾಳಿಮರದ ತೋಪಿನಿಂದ ಕಡಲ ಕಡೆ ನಡೆದರೆ ಮೊದಲು ಸಿಗುವುದು ಒಣ, ಸಡಿಲ ಹೊಯ್ಗೆ. ಕಾಲು ಹೂತುಹೋಗುತ್ತದೆ, ಅಡುಂಬು ಬಳ್ಳಿ ಹಬ್ಬಿರುತ್ತದೆ. ಅದು ಮುಗಿದಲ್ಲಿ ಅಲೆಗಳೇ ಕಟ್ಟಿದ ಏರಿ, ಆ ಏರಿಯಿಂದ ಕೆಳಗೆ 8–12 ಡಿಗ್ರಿಯ ಇಳಿಜಾರು. ಇಳಿಜಾರಿನ ಬುಡದಿಂದ ನೀರಿನವರೆಗೆ ಒದ್ದೆಯಾಗಿ, ಗಟ್ಟಿಯಾಗಿ, ಹೆಚ್ಚುಕಡಿಮೆ ಸಮತಟ್ಟಾದ ಪಟ್ಟಿ. ಹುಡುಗರು ಕ್ರಿಕೆಟ್ ಆಡುವುದು ಈ ಮೂರನೆಯದರಲ್ಲಿ.

ಎಟಿವಿಗೆ ಹೊಂದುವುದು ಮೂರನೆಯ ಪಟ್ಟಿ. ಒಂಟೆಗೆ ಹೊಂದುವುದು ಮೊದಲನೆಯದು. ಇಳಿಜಾರು ಯಾರಿಗೂ ಅಲ್ಲ. ಇಷ್ಟು ಗೊತ್ತಿದ್ದರೆ ಒಂಟೆ–ಎಟಿವಿ ಎದುರುಬದುರಾಗುವ ಪ್ರಸಂಗವೇ ಬರುವುದಿಲ್ಲ. ಆದರೆ ಫೋಟೊ ಚೆನ್ನಾಗಿ ಬರುತ್ತದೆಂದು ಎರಡನ್ನೂ ಗಟ್ಟಿ ಪಟ್ಟಿಗೇ ಇಳಿಸಿದ್ದರು.

4.50ಕ್ಕೆ ನೀರು ಎಲ್ಲಿತ್ತು

ಆ ದಿನ ಇಳಿತ ಮಧ್ಯಾಹ್ನ 1.30ರ ಹೊತ್ತಿಗೆ. ಆಗ ಗಟ್ಟಿ ಪಟ್ಟಿ ಸುಮಾರು 24 ಮೀಟರ್ ಅಗಲ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಚಿಲ್ಲರೆ ಬೇಕು. ನೀರು ಆ ಅವಧಿಯಲ್ಲಿ ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ 1 ಪಾಲು, ಎರಡನೆಯದಕ್ಕೆ 2, ಮೂರನೆಯದಕ್ಕೆ 3, ನಾಲ್ಕನೆಯದಕ್ಕೆ 3, ಆಮೇಲೆ 2, ಕೊನೆಗೆ 1. ದೋಣಿಯವರ ಈ ಹಳೆಯ ಅಂದಾಜು ತೀರದ ಕೆಲಸಕ್ಕೂ ಸಾಕು. 4.50 ಎಂದರೆ ಇಳಿತ ಕಳೆದು 3 ಗಂಟೆ 20 ನಿಮಿಷ: 7 ಪಾಲು ಏರಿ ಆಗಿದೆ. ಏರಿಳಿತದ ಎತ್ತರ 1.2 ಮೀಟರ್ ಎಂದುಕೊಂಡರೆ ನೀರು 70 ಸೆಂಟಿಮೀಟರ್ ಮೇಲೆ. ಪಟ್ಟಿ 25 ಮೀಟರಿಗೆ 1 ಮೀಟರಿನಂತೆ ಇಳಿಯುವ ಕಾರಣ ಅಡ್ಡಕ್ಕೆ ಹೋದ ನೆಲ 17.5 ಮೀಟರ್. ಉಳಿದದ್ದು ಆರೂವರೆ ಮೀಟರ್. ಅದರ ಮೇಲೂ ಅಲೆಯ ನೊರೆ ಓಡಾಡುತ್ತಿತ್ತು.

ಎರಡು ಗಾಡಿ ಎದುರುಬದುರು ಹಾಯಬೇಕಾದ ದಾರಿ ಅದು. ಉತ್ತರಕ್ಕೆ ಹೊರಟಿದ್ದ ತಂದೆ–ಮಗಳ ಗಾಡಿ ಎದುರಿನ ಗಾಡಿಗೆ ಜಾಗ ಕೊಡಲು ಬಲಕ್ಕೆ, ಇಳಿಜಾರಿನ ಮೇಲೆ ಹತ್ತಿತು. ಅಲ್ಲಿಂದ ಮುಂದೆ ಎಡಗಡೆಯ ಚಕ್ರಗಳು ಕೆಳಗೆ, ಬಲಗಡೆಯವು ಮೇಲೆ. ಐವತ್ತು ಮೀಟರ್ ಹಾಗೇ ಹೋಯಿತು. ಎದುರಿಗೆ ಕೈರಂಪಣಿಯ, ಅಂದರೆ ದಡದಿಂದ ಕೈಯಲ್ಲಿ ಎಳೆಯುವ ಬಲೆಯ, ಹಗ್ಗ. ಸಂಜೆ ಬಲೆ ಎಳೆಯುವ ತಂಡ ಕಡಲಿನಿಂದ ಏರಿಯವರೆಗೆ ಅದನ್ನು ಬಿಗಿದು ಹಿಡಿದಿತ್ತು. ನೆಲದಿಂದ ಮೊಣಕಾಲೆತ್ತರ, ಹೊಯ್ಗೆಯದೇ ಬಣ್ಣ. ಎಡಕ್ಕೆ ಅಲೆ. ಸವಾರ ಹ್ಯಾಂಡಲನ್ನು ಬಲಕ್ಕೆ, ಏರಿಯ ಕಡೆಗೆ ಎಳೆದರು. ಬಲಕ್ಕೆ ತಿರುಗುವ ಗಾಡಿಯನ್ನು ವೇಗ ಎಡಕ್ಕೆ ನೂಕುತ್ತದೆ. ಇಳಿಜಾರು ಮೊದಲೇ ಎಡಕ್ಕೆ ವಾಲಿಸಿತ್ತು. ಬಲಗಡೆಯ ಎರಡು ಚಕ್ರ ಎದ್ದದ್ದನ್ನು ಬಲೆಯವರು ನೋಡಿದ್ದಾರೆ.

ಬಲೆಯ ತಂಡದ ಹಿರಿಯರೊಬ್ಬರು ಗೈಡ್ ಹುಡುಗನಿಗೆ ಅಲ್ಲೇ ಹೇಳಿದ ಮಾತು: "ನಾಲ್ಕು ಗಂಟೆ ಮೇಲೆ ಹಗ್ಗ ಇಲ್ಲೇ ಬರುದು ಮಾರಾಯ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆವು." ಹನ್ನೊಂದು ದಿನದಿಂದ ಪಕ್ಕದಲ್ಲೇ ಇದ್ದರೂ ಯಾರೂ ಕೇಳಿರಲಿಲ್ಲ.

ಗಾಡಿ ಯಾಕೆ ಅಷ್ಟು ಸುಲಭವಾಗಿ ಮಗುಚಿತು

ಈ ಸಣ್ಣ ಎಟಿವಿಗಳಲ್ಲಿ ಹಿಂದಿನ ಎರಡು ಚಕ್ರ ಒಂದೇ ಗಟ್ಟಿ ಆಕ್ಸಲಿಗೆ ಕೂತಿರುತ್ತವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಆದರೆ ಎರಡೂ ಒಂದೇ ಸುತ್ತು ತಿರುಗುತ್ತವೆ. ಸಡಿಲ ಹೊಯ್ಗೆಯಲ್ಲಿ ಒಂದು ಚಕ್ರ ಜಾರಿ ಸರಿಹೋಗುತ್ತದೆ. ಒದ್ದೆ ಗಟ್ಟಿ ಹೊಯ್ಗೆ ಟೈರನ್ನು ಹಿಡಿದುಕೊಳ್ಳುತ್ತದೆ; ಗಾಡಿ ನೇರ ಹೋಗಲು ನೋಡುತ್ತದೆ, ಸವಾರ ಇನ್ನಷ್ಟು ತಿರುಗಿಸುತ್ತಾರೆ, ಒಮ್ಮೆಗೇ ಹಿಡಿತ ಸಿಕ್ಕಾಗ ಅದು ಕಚ್ಚಿ ತಿರುಗುತ್ತದೆ. ಮರುಭೂಮಿಯಲ್ಲಿ ಪಳಗಿದ ಕೈ ಇಲ್ಲಿ ಮೋಸ ಹೋಗುವುದು ಹೀಗೆ. ಅದಕ್ಕೇ ತಿರುವಿನಲ್ಲಿ ಸವಾರ ಸೀಟಿನ ಮೇಲೆ ಒಳಬದಿಗೆ ಸರಿದು, ಹೊರಗಿನ ಕಾಲ್ಮಣೆಯ ಮೇಲೆ ಭಾರ ಕೊಡಬೇಕು. ಆಗ ಒಳಗಿನ ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ.

ಮುಂದೆ ಮಗು ಕೂತಿದ್ದರೆ ಸರಿಯುವುದು ಎಲ್ಲಿಗೆ? ಗಾಡಿಯ ತೂಕ ಸುಮಾರು 120 ಕಿಲೋ. ತಂದೆ 78, ಮಗು 26, ಒಟ್ಟು 104. ಹೆಚ್ಚುಕಡಿಮೆ ಗಾಡಿಯಷ್ಟೇ ಭಾರ ಸೀಟಿನ ಮಟ್ಟಕ್ಕಿಂತ ಮೇಲೆ, ಅದೂ ಅಲುಗಾಡಲಾಗದೆ. ಮೂರು ಚಕ್ರದ ಎಟಿವಿಗಳ ಮಾರಾಟವನ್ನು ಅಮೆರಿಕದಲ್ಲಿ 1988ರ ಒಪ್ಪಂದದ ಮೂಲಕ ನಿಲ್ಲಿಸಿದ್ದು ಮಗುಚುವ ಕಾಟಕ್ಕೇ. ನಾಲ್ಕನೆಯ ಚಕ್ರ ಬಂದ ಮೇಲೂ ಆ ಗುಣ ಪೂರ್ತಿ ಹೋಗಲಿಲ್ಲ. 'ಒಬ್ಬರಿಗೆ ಮಾತ್ರ' ಎಂಬ ಸ್ಟಿಕ್ಕರ್ ಟ್ಯಾಂಕಿನ ಮೇಲೇ ಇತ್ತು. ಬಿಸಿಲಿಗೆ ಮಾಸಿತ್ತು.

ಇನ್ನು ಟೈರ್. ಮರುದಿನ ಅಳೆದಾಗ ಹಿಂದಿನ ಬಲಗಡೆ 7 ಪಿಎಸ್‌ಐ, ಎಡಗಡೆ 3. (ಪಿಎಸ್‌ಐ ಅಂದಾಗ ಹುಡುಗರು ಮೊದಲು ನೋಡಿದ್ದು ಪೊಲೀಸ್ ಚೌಕಿಯ ಕಡೆಗೆ.) ಗಟ್ಟಿ ಆಕ್ಸಲಿನಲ್ಲಿ ಗಾಳಿ ಕಡಿಮೆಯ ಟೈರಿನ ಸುತ್ತಳತೆ ಸಣ್ಣದು, ಹಾಗಾಗಿ ಗಾಡಿ ಆ ಬದಿಗೇ ಎಳೆಯುತ್ತದೆ. ಇಲ್ಲಿ ಎಳೆದದ್ದು ಎಡಕ್ಕೆ, ಕಡಲ ಕಡೆಗೆ. ಸವಾರ ಗೊತ್ತಿಲ್ಲದೆಯೇ ಬಲಕ್ಕೆ ಜಗ್ಗುತ್ತಲೇ ಇದ್ದರು. ಇಳಿಜಾರಿನಲ್ಲಿ ಕೆಳಗಿದ್ದ ಟೈರೂ ಅದೇ. ಮೆತ್ತಗಾಗಿ ಕುಗ್ಗಿ ವಾಲಿಕೆಯನ್ನು ಇನ್ನಷ್ಟು ಹೆಚ್ಚಿಸಿತು.

ಹುಡುಗರು ಗಾಳಿ ನೋಡುತ್ತಿದ್ದದ್ದು ಹೆಬ್ಬೆರಳಿನಿಂದ ಒತ್ತಿ. ಅವರನ್ನು ದೂರಿ ಫಲವಿಲ್ಲ. ಪೆಟ್ರೋಲ್ ಬಂಕಿನ ಗೇಜು 10ರ ಕೆಳಗೆ ನಂಬಿಕೆಗೆ ಅರ್ಹವಲ್ಲ, 3ಕ್ಕೂ 7ಕ್ಕೂ ಹೆಬ್ಬೆರಳಿಗೆ ವ್ಯತ್ಯಾಸ ಸಿಗದು. ಬೇಕಾದದ್ದು 0–10 ಅಥವಾ 0–15 ಅಳೆಯುವ ಕಡಿಮೆ ಒತ್ತಡದ ಗೇಜು, ಮತ್ತು ಸೈಕಲ್ ಪಂಪು. ಕಂಪ್ರೆಸರ್ ಹಚ್ಚಿದರೆ ಎರಡು ಸೆಕೆಂಡಿನಲ್ಲಿ 15 ದಾಟುತ್ತದೆ. ಗಟ್ಟಿ ಪಟ್ಟಿಗೆ ನಾಲ್ಕೂ ಟೈರಿನಲ್ಲಿ 5, ಎಡಬಲದ ನಡುವೆ ಅರ್ಧ ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಬೇಡ. 3ಕ್ಕಿಂತ ಕೆಳಗಾದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. ಗೇಜಿನ ಮೇಲೆ ನಂಬಿಕೆ ಇಲ್ಲದಿದ್ದರೆ ಟೇಪು ಸುತ್ತಿ ಎರಡೂ ಹಿಂದಿನ ಟೈರಿನ ಸುತ್ತಳತೆ ನೋಡಿದರೂ ಆಯಿತು. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಗಾಡಿ ಹೊರಡಬಾರದು.

ಉಪ್ಪು ಮಾಡಿದ ಕೆಲಸ

ಮಗುಚಿದ ಗಾಡಿಯ ಮೇಲೆ ಮೂರು ನಾಲ್ಕು ಅಲೆ ಹಾದವು. ಎತ್ತಿ ನಿಲ್ಲಿಸಿದ ಹುಡುಗರು ಮಾಡಿದ ಮೊದಲ ಕೆಲಸ ಸೆಲ್ಫ್ ಒತ್ತಿದ್ದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಅದು ಕುಗ್ಗುವುದಿಲ್ಲ. ಪಿಸ್ಟನ್ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದೃಷ್ಟಕ್ಕೆ ಇಲ್ಲಿ ಬಾಗಲಿಲ್ಲ. ಸರಿಯಾದ ಕ್ರಮ: ಬ್ಯಾಟರಿ ವೈರು ಬಿಚ್ಚಿ, ಪ್ಲಗ್ ತೆಗೆದು, ಕಿಕ್ ಅಥವಾ ಕೈಯಿಂದ ಎಂಜಿನ್ ತಿರುಗಿಸಿ ನೀರು ಹೊರಗೆ ಹಾಕಿ, ಕಾರ್ಬ್ಯುರೇಟರಿನ ಬಟ್ಟಲು ಖಾಲಿ ಮಾಡಿ, ಆಯಿಲ್ ನೋಡಬೇಕು. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಗಿಂದಾಗ್ಗೆ ಬದಲಿಸಿ, ಐದು ನಿಮಿಷ ಓಡಿಸಿ, ಇನ್ನೊಮ್ಮೆ ಬದಲಿಸಬೇಕು.

ಎಳೆಯಲು ಬಂದ 200 ಸಿಸಿ ಗಾಡಿಯದು ಬೆಲ್ಟಿನಲ್ಲಿ ಓಡುವ ಸಿವಿಟಿ. ನೊರೆ ನೀರಿನಲ್ಲಿ ನಿಂತು ಎಳೆದಾಗ ಸಿವಿಟಿ ಪೆಟ್ಟಿಗೆಗೆ ನೀರು ಹೊಕ್ಕಿತು. ಬೆಲ್ಟು ಒದ್ದೆಯಾದರೆ ಎಂಜಿನ್ ಕಿರುಚುತ್ತದೆ, ಗಾಡಿ ಅಲುಗುವುದಿಲ್ಲ. ಆಗ ಬಿಟ್ಟುಬಿಡಬೇಕು. ನ್ಯೂಟ್ರಲ್ಲಿಗೆ ಹಾಕಿ ರೇಸ್ ಕೊಟ್ಟು ನೀರು ಚೆಲ್ಲಿಸಿ, ಪೆಟ್ಟಿಗೆಯ ಕೆಳಗಿನ ಪ್ಲಗ್ ತೆರೆದು ಬಸಿದ ಮೇಲೆ ಮುಂದಿನ ಮಾತು. ಇವರು ಇನ್ನೂ ರೇಸ್ ಕೊಟ್ಟರು; ಸುಟ್ಟ ರಬ್ಬರಿನ ವಾಸನೆ ಚರ್ಮುರಿ ಗಾಡಿಯವರೆಗೂ ಬಂತು. 120 ಕಿಲೋ ಗಾಡಿಯನ್ನು ನಾಲ್ಕು ಜನ ಎತ್ತಿ ತರುವುದೇ ಸುಲಭವಿತ್ತು, ಬಲೆಯ ತಂಡ ಪಕ್ಕದಲ್ಲೇ ನಿಂತಿತ್ತು.

ಉಳಿದ ಎರಡು ಗಾಡಿ ನಿಂತದ್ದು ಆ ಸಂಜೆಯ ಗಲಾಟೆಯಿಂದಲ್ಲ, ಹನ್ನೊಂದು ದಿನದ ಉಪ್ಪಿನಿಂದ. ಒಂದರ ಮುಂದಿನ ಹಬ್ ಬಿಚ್ಚಿದಾಗ ಬೇರಿಂಗಿನ ಗ್ರೀಸು ರಾಗಿಮಣ್ಣಿಯ ಹಾಗೆ ಕಂದಾಗಿ, ಬೆರಳಿಗೆ ಚರಚರ ಎನ್ನುತ್ತಿತ್ತು. ರಬ್ಬರ್ ಸೀಲಿನ ತುಟಿ ಹರಿದಿತ್ತು. ಕಾರಣ ದಿನಾ ಸಂಜೆ ಮಾಡುತ್ತಿದ್ದ ಪ್ರೆಶರ್ ವಾಶ್: ಜೋರು ನೀರು ಸೀಲನ್ನು ದಾಟಿ ಉಪ್ಪನ್ನೂ ಹೊಯ್ಗೆಯನ್ನೂ ಒಳಗೆ ಕಳಿಸುತ್ತಿತ್ತು. ಕಾಳಜಿಯಿಂದಲೇ ಮಾಡಿದ ಹಾನಿ. ಇನ್ನೊಂದು ಗಾಡಿ ನೀಲಿ ಹೊಗೆ ಉಗುಳುತ್ತಿತ್ತು. ಅದರ ಏರ್ ಫಿಲ್ಟರಿನ ಸ್ಪಂಜನ್ನು ತೊಳೆದು, ಎಣ್ಣೆ ಹಚ್ಚದೆ ಒಣಗಿದ್ದಂತೆಯೇ ಹಾಕಿದ್ದರು; "ಎಣ್ಣೆ ಹಾಕಿದ್ರೆ ಹೊಯ್ಗೆ ಹಿಡೀತದೆ" ಎಂಬ ವಾದ. ಹಿಡಿಯಲೆಂದೇ ಅಲ್ಲವೇ ಎಣ್ಣೆ! ಒಣ ಸ್ಪಂಜು ಸಣ್ಣ ಕಣವನ್ನು ಬಿಟ್ಟುಕೊಡುತ್ತದೆ, ಅದು ಸಿಲಿಂಡರನ್ನೂ ರಿಂಗನ್ನೂ ತೇಯುತ್ತದೆ.

ಈಗ ಅಲ್ಲಿ ಪಾಲಿಸುವ ಸಂಜೆಯ ಕ್ರಮ ಹೀಗಿದೆ. ಎಂಜಿನ್ 20 ನಿಮಿಷ ಆರಲಿ. ಸೈಲೆನ್ಸರಿನ ಬಾಯಿಗೂ ಏರ್ ಬಾಕ್ಸಿಗೂ ಮುಚ್ಚಳ. ಸಾಧಾರಣ ಪೈಪಿನ ಸಿಹಿನೀರು, ಮೊದಲು ಅಡಿಯಿಂದ, ಆಮೇಲೆ ಮೇಲಿನಿಂದ. ಗಾಡಿಗೆ 40–60 ಲೀಟರ್ ಬೇಕು. ಮುಚ್ಚಳ ತೆಗೆದು ಐದು ನಿಮಿಷ ಓಡಿಸಿ, ಬ್ರೇಕನ್ನು ಹತ್ತು ಸಲ ಹಿಡಿದು ಬಿಟ್ಟು ಒಣಗಿಸಬೇಕು. ಚೈನಿಗೆ ಎಣ್ಣೆ. ಗ್ರೀಸ್ ನಿಪ್ಪಲ್ಲುಗಳಿಗೆ ಹಳೆಯ ಗ್ರೀಸು ಹೊರಬರುವ ತನಕ ಹೊಸದು, ವಾರಕ್ಕೆ ಎರಡು ಸಲ. ವೈರಿನ ಕನೆಕ್ಟರುಗಳಲ್ಲಿ ಹಸಿರು ಪಾಚಿಯಂತೆ ಕಂಡರೆ ಉಜ್ಜಿ ತೆಗೆದು ಡೈಎಲೆಕ್ಟ್ರಿಕ್ ಗ್ರೀಸು ತುಂಬಬೇಕು. ಒಂದು ಎಚ್ಚರ: ತೀರದ ಬಾವಿಗಳಲ್ಲಿ ಮಾರ್ಚ್–ಏಪ್ರಿಲಿಗೆ ನೀರು ಉಪ್ಪಾಗುವುದುಂಟು. ಆ ನೀರಿನಲ್ಲಿ ತೊಳೆದದ್ದೂ ಒಂದೇ, ತೊಳೆಯದೆ ಬಿಟ್ಟದ್ದೂ ಒಂದೇ. ನಾಲಿಗೆಗೆ ಹಚ್ಚಿ ನೋಡಿ.

ಒಂಟೆಗಳ ಕಡೆ

ಗಾಡಿಯ ತಪ್ಪಿಗಿಂತ ಒಂಟೆಯ ವಿಷಯದಲ್ಲಿ ಆದ ತಪ್ಪು ದೊಡ್ಡದು. ಎರಡೂ ಗಂಡು. ಗಂಡು ಒಂಟೆಗೆ ಮದ ಬರುವುದು ಚಳಿಗಾಲದಲ್ಲಿ, ನವೆಂಬರಿನಿಂದ ಮಾರ್ಚ್‌ವರೆಗೆ. ನಮ್ಮ ತೀರಗಳಿಗೆ ಜನ ಬರುವುದೂ ಅದೇ ತಿಂಗಳುಗಳಲ್ಲಿ. ಮದದ ಗುರುತು ತಪ್ಪುವಂಥದ್ದಲ್ಲ: ಬಾಯಲ್ಲಿ ನೊರೆ, ಹಲ್ಲು ಕಡಿಯುವುದು, ಮೇವು ಬಿಡುವುದು, ಬಾಯಿಯ ಬದಿಯಿಂದ ಕೆಂಪು ಬಲೂನಿನಂಥ ಚೀಲ ಗೊಳಗೊಳ ಸದ್ದಿನೊಂದಿಗೆ ಹೊರಬರುವುದು. ಗಿರಾಕಿಗಳು ಅದರ ವಿಡಿಯೊ ಮಾಡುತ್ತಿದ್ದರು. ಅದೇ ಒಂಟೆ ಆ ರಾತ್ರಿ ಮೇವು ಹಾಕಲು ಹೋದ ತನ್ನ ಒಂಟೆಯವನ ತೋಳಿಗೇ ಬಾಯಿ ಹಾಕಿತು. ಸವಾರಿಗೆ ಹೆಣ್ಣು, ಇಲ್ಲವೇ ಬೀಜ ಒಡೆಸಿದ ಗಂಡು ಬೇಕು. ಅದು ಸಿಗದಿದ್ದರೆ ಚೀಲ ಹೊರಬಂದ ದಿನದಿಂದ ಒಂಟೆಗೆ ರಜೆ.

ಕೆಡವಿದ ಬಗೆ. ಕೂತ ಒಂಟೆ ಏಳುವಾಗ ಮೊದಲು ಮುಂಗಾಲಿನ ಮಂಡಿಯೂರುತ್ತದೆ, ಆಮೇಲೆ ಹಿಂಗಾಲು ಪೂರ್ತಿ ಎತ್ತುತ್ತದೆ, ಕೊನೆಗೆ ಮುಂಗಾಲು. ಹಿಂಗಾಲು ಎದ್ದ ಗಳಿಗೆಯಲ್ಲಿ ಸವಾರ ಮುಂದಕ್ಕೆ ಎಸೆಯಲ್ಪಡುತ್ತಾರೆ. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಮುಂದಕ್ಕೆ. ನಡೆಯುವಾಗ ಬೀಳುವವರು ಕಡಿಮೆ. ಬೀಳುವುದು ಈ ಎರಡು ಗಳಿಗೆಯಲ್ಲೇ. ಹಾಗಾಗಿ ಎರಡಕ್ಕೂ ಒಂದೇ ಮಾತು: ಹಿಂದಕ್ಕೆ ಒರಗಿ, ಎರಡೂ ಕೈಯಲ್ಲಿ ಕಬ್ಬಿಣದ ಹಿಡಿ. ಆ ಸಂಜೆ ಒಂಟೆಯವನು ಮೂಗುದಾರ ಬಿಟ್ಟು ದುಡ್ಡು ಎಣಿಸುತ್ತಿದ್ದ, ಹತ್ತು ಹೆಜ್ಜೆ ದೂರದಲ್ಲಿ ಎಟಿವಿಯ ಸೈಲೆನ್ಸರ್ ಪಟ್ ಎಂದಿತು. ಈಗಿನ ಕಟ್ಟಳೆ: ಜನ ಹತ್ತುವಾಗ ಒಬ್ಬ ಮೂಗುದಾರ ಹಿಡಿದು ಒಂಟೆಯ ಮಡಚಿದ ಮುಂಗಾಲಿನ ಮೇಲೆ ಪಾದ ಇಟ್ಟು ನಿಂತಿರಬೇಕು, ಇನ್ನೊಬ್ಬ ಹತ್ತಿಸಬೇಕು. ದುಡ್ಡು ಕೌಂಟರಿನಲ್ಲಿ.

ಒದ್ದೆ ನೆಲ ಒಂಟೆಯ ಪಾದಕ್ಕೆ ಆಗದು. ಅಗಲವಾದ ಮೆತ್ತನೆಯ ಅಟ್ಟೆ ಒಣ ಹೊಯ್ಗೆಗೆ ಹೇಳಿ ಮಾಡಿಸಿದ್ದು; ಕೆಸರಿನಲ್ಲಿ ಜಾರಿದರೆ ಕಾಲುಗಳು ಅಗಲಕ್ಕೆ ಸೀಳಿಕೊಳ್ಳುತ್ತವೆ. ಚಿಪ್ಪು, ಬಾಟಲಿಯ ಚೂರು ಅಟ್ಟೆಯನ್ನು ಕೊಯ್ಯುತ್ತದೆ. ದಿನಾ ಬೆಳಿಗ್ಗೆ ಒಂಟೆಯ ದಾರಿಯನ್ನು ಕುಂಟೆಯಿಂದ ಎಳೆದು ನೋಡುವುದು ಅದಕ್ಕೇ.

ಕಾನೂನಿನ ಮಾತು ಚಿಕ್ಕದಾಗಿ. 1965ರ ಭಾರ ಹೊರುವ ಪ್ರಾಣಿಗಳ ನಿಯಮಗಳ ಪ್ರಕಾರ ಒಂಟೆಗೆ ಹೇರಬಹುದಾದ ಗರಿಷ್ಠ ಭಾರ 250 ಕಿಲೋ. ದಿನಕ್ಕೆ 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರಬಾರದು. ಉಷ್ಣಾಂಶ 37 ಡಿಗ್ರಿ ದಾಟುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ಕೂಡದು. ಉಡುಪಿಯಲ್ಲಿ ಪಾದರಸ 37 ದಾಟುವುದು ಅಪರೂಪ ಎಂದು ಇದನ್ನು ಪಕ್ಕಕ್ಕಿಡುವಂತಿಲ್ಲ. ಒಂಟೆಯ ಬೆವರು ಒಣ ಗಾಳಿಯಲ್ಲಿ ಆರುವಂತೆ ನಮ್ಮ ಸೆಕೆಯಲ್ಲಿ ಆರದು, ಮೈ ತಣಿಯದು. ಮಧ್ಯಾಹ್ನ ಗಾಳಿಮರದ ನೆರಳೇ ಸರಿ. ಮನರಂಜನೆಗೆ ಬಳಸುವ ಪ್ರಾಣಿಗಳನ್ನು ನೋಂದಾಯಿಸಬೇಕೆಂಬ ಪ್ರದರ್ಶಕ ಪ್ರಾಣಿಗಳ ನಿಯಮ 2001ರದು. ಒಂಟೆ 2014ರಿಂದ ರಾಜಸ್ಥಾನದ ರಾಜ್ಯಪ್ರಾಣಿ. ಅಲ್ಲಿಂದ ಹೊರಗೆ ತರುವುದಕ್ಕೆ 2015ರ ಕಾಯ್ದೆಯ ನಿರ್ಬಂಧ ಇದೆ. ದೇಶದಲ್ಲಿ ಒಂಟೆಗಳು 2012ರ ಗಣತಿಯಲ್ಲಿ 4 ಲಕ್ಷ ಇದ್ದದ್ದು 2019ರಲ್ಲಿ ಎರಡೂವರೆ ಲಕ್ಷಕ್ಕೆ ಇಳಿದಿವೆ. "ಬೇರೆ ಬೀಚಿನಿಂದ ಕೈಬದಲಾಗಿ ಬಂತು" ಎಂಬ ಉತ್ತರ ಕಾಗದವಾಗುವುದಿಲ್ಲ.

ತಪಾಸಣೆಗೆ ಬಂದ ಪಶುವೈದ್ಯರು ಒಂದು ಒಂಟೆಯ ತೊಡೆಯ ಒಳಬದಿ, ಕಂಕುಳಲ್ಲಿ ಕೂದಲುದುರಿ ದಪ್ಪಗಾದ ಚರ್ಮ ತೋರಿಸಿದರು: ಕಜ್ಜಿ. ಇದರ ಹುಳ ಮನುಷ್ಯರಿಗೂ ಹತ್ತುತ್ತದೆ. ಬರಿಗಾಲಿನ, ಚಡ್ಡಿ ತೊಟ್ಟ ಮಕ್ಕಳು ಕೂರುವ ಪ್ರಾಣಿ ಇದು. ಜೀನಿನ ಬಟ್ಟೆ ಬಿಸಿನೀರಿಗೆ ಹೋಯಿತು, ಒಂಟೆ ಚಿಕಿತ್ಸೆಗೆ. ಇನ್ನೊಂದು ಭಯ ಸರ್ರಾ, ಕುದುರೆನೊಣ ಹರಡುವ ರಕ್ತದ ರೋಗ. ಬಿಟ್ಟುಬಿಟ್ಟು ಜ್ವರ, ಸೊರಗುವಿಕೆ. ನೊಣ ಹೆಚ್ಚಿರುವ ನಮ್ಮ ಹಸಿ ಹವೆಯಲ್ಲಿ ಆಗಾಗ ರಕ್ತ ಪರೀಕ್ಷೆ ಮಾಡಿಸುವುದು ಲೇಸು. ಮೇವಿಗೆ ಬೈಹುಲ್ಲು ಒಂದನ್ನೇ ಹಾಕುತ್ತಿದ್ದರು. ಒಂಟೆ ಸೊಪ್ಪು ಮೇಯುವ ಪ್ರಾಣಿ, ಉಪ್ಪೂ ಹೆಚ್ಚು ಬೇಕು. ಹಲಸಿನ ಸೊಪ್ಪು, ಕಡಲೆಕಾಯಿ ಬಳ್ಳಿ, ನೆಕ್ಕಲು ಉಪ್ಪಿನ ಗಡ್ಡೆ, ನೆರಳಿನಲ್ಲಿ ಸದಾ ನೀರು: ಇದು ಪರಿಷ್ಕೃತ ಪಟ್ಟಿ. ಬದಲಾವಣೆ ವಾರವಿಡೀ ನಿಧಾನಕ್ಕೆ. ಒಮ್ಮೆಲೇ ಬದಲಿಸಿದರೆ ಹೊಟ್ಟೆ ಉಬ್ಬರಿಸುತ್ತದೆ.

ಜೆಸಿಬಿ ದಿಬ್ಬ

ಮರುಭೂಮಿ ಅನಿಸಲೆಂದು ಜೆಸಿಬಿ ತರಿಸಿ ಮೂರು ಹೊಯ್ಗೆ ದಿಬ್ಬ ಒಟ್ಟಿದ್ದರು. ಅದಕ್ಕೆ ಅಡುಂಬು ಬಳ್ಳಿಯ ಜಾಗವನ್ನೇ ಕೆರೆದಿದ್ದರು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ, 2011ರದ್ದೂ 2019ರದ್ದೂ, ಮರಳದಿಬ್ಬಗಳನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ಕಾನೂನು ಬದಿಗಿರಲಿ, ಕಡಲಕೊರೆತದ ಊರಿನಲ್ಲಿ ಹೊಯ್ಗೆಯನ್ನು ಹಿಡಿದಿಟ್ಟ ಬಳ್ಳಿಯನ್ನೇ ಕೀಳುವುದು ತನ್ನ ಅಂಗಡಿಯ ಅಡಿಪಾಯ ತಾನೇ ತೋಡಿದ ಹಾಗೆ. ದಿಬ್ಬ ಹರಡಿದರು. ಬಳ್ಳಿ ಇರುವಲ್ಲಿಗೆ ಹಗ್ಗ ಕಟ್ಟಿದರು. ಕಡಲಾಮೆ ಮೊಟ್ಟೆ ಇಡುವುದೂ ಆ ಮೇಲಿನ ಪಟ್ಟಿಯಲ್ಲೇ, ಚಳಿಗಾಲದ ರಾತ್ರಿಗಳಲ್ಲಿ. ಕುಂದಾಪುರ ಕಡೆಯ ತೀರಗಳಿಗೆ ಇದು ಹೊಸತಲ್ಲ. ರಾತ್ರಿ ಸವಾರಿ ಆದ್ದರಿಂದ ವೇಳಾಪಟ್ಟಿಯಿಂದಲೇ ಹೋಯಿತು.

ವೇಳಾಪಟ್ಟಿ

ಎಲ್ಲಕ್ಕಿಂತ ನೋವು ಕೊಟ್ಟದ್ದು ಇದು. ಹಳೆಯ ಲೆಕ್ಕ: 6 ಗಾಡಿ, ಗಂಟೆಗೆ 2 ಸವಾರಿ, 8 ಗಂಟೆ, ದಿನಕ್ಕೆ 96. ಹೊಸ ಲೆಕ್ಕದಲ್ಲಿ ಸವಾರಿ ಇಳಿತಕ್ಕೆ ಎರಡು ಗಂಟೆ ಮೊದಲು ಶುರು, ಎರಡು ಗಂಟೆ ನಂತರ ಬಂದ್. ಒಮ್ಮೆಗೆ 4 ಗಾಡಿ (ಎರಡು ತಂಪಾಗುತ್ತಿರುತ್ತವೆ), 12 ನಿಮಿಷ ಸವಾರಿ, 8 ನಿಮಿಷ ಪಾಠ–ಅದಲುಬದಲು. ಗಂಟೆಗೆ 12, ದಿನಕ್ಕೆ 48. ಅರ್ಧ.

ಅದೂ ಒಳ್ಳೆಯ ದಿನದಲ್ಲಿ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಒಂದು ಇಳಿತದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ಬೆಳಿಗ್ಗೆ 8ಕ್ಕೂ ರಾತ್ರಿ 8.25ಕ್ಕೂ ಇಳಿತ ಬಿದ್ದ ದಿನ 10ರಿಂದ 6ರ ನಡುವೆ ಒಂದು ನಿಮಿಷವೂ ಸಿಗುವುದಿಲ್ಲ. ಸಿಗುವುದು ಬೆಳಿಗ್ಗೆ 6ರಿಂದ 10. ವಾರ ಕಳೆದರೆ ಮತ್ತೆ ಮಧ್ಯಾಹ್ನ–ಸಂಜೆಗೆ ಸರಿಯುತ್ತದೆ. ಬೆಳಗಿನ ಇಳಿತದ ದಿನಗಳ ಹಿಂದಿನ ರಾತ್ರಿಯೇ ರೆಸಾರ್ಟುಗಳಿಗೆ ವಾಟ್ಸಪ್ಪಿನಲ್ಲಿ ವೇಳೆ ಹೋಗುತ್ತದೆ. ಗಿರಾಕಿ ಆರೂವರೆಗೆ ಬಂದು, ಸವಾರಿ ಮುಗಿಸಿ, ಬನ್ಸ್ ಬಿಸಿ ಇರುವಾಗಲೇ ವಾಪಸು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಉಬ್ಬರವಿಳಿತದ ಕೋಷ್ಟಕ ವರ್ಷಕ್ಕೊಮ್ಮೆ ಬರುತ್ತದೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ದೊಡ್ಡ ಅಲೆಗಳ ಮುನ್ಸೂಚನೆ ಕೊಡುತ್ತದೆ. ಅಲೆಯ ಎಚ್ಚರಿಕೆ ಇದ್ದ ದಿನ ಕೋಷ್ಟಕ ಏನೇ ಹೇಳಲಿ, ಗಾಡಿ ಇಳಿಯುವುದಿಲ್ಲ. ನಾಲ್ಕರ ಮೇಲೆ ಸವಾರಿ ಇದ್ದರೆ ಬಲೆಯ ತಂಡವನ್ನು ಕೇಳಿಯೇ, ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟಿ.

ಹೊರಡುವ ಮುಂಚಿನ ಪಾಠ ನಾಲ್ಕು ನಿಮಿಷದ್ದು. ಎಂಟು ಮೀಟರ್ ಅಂತರದ ಎರಡು ಕೋನಿನ ಸುತ್ತ ಎಂಟರಾಕಾರದಲ್ಲಿ ಒಂದು ಸುತ್ತು. ಅದರಲ್ಲಿ ಸೀಟಿನಲ್ಲಿ ಸರಿಯಲು ಬಾರದವರಿಗೆ ಥ್ರಾಟಲಿನ ಸ್ಕ್ರೂ ಒಳಗೆ ತಿರುಗಿಸಿ ವೇಗ ಕಟ್ಟಲಾಗುತ್ತದೆ. ಸವಾರ ಬಿದ್ದರೆ ಎಂಜಿನ್ ಆರಿಸುವ ಕಿಲ್ ಸ್ವಿಚ್ಚಿನ ದಾರ ಮಣಿಕಟ್ಟಿಗೆ. ಚಪ್ಪಲಿ ಕೂಡದು: ಕಾಲ್ಮಣೆಯಿಂದ ಜಾರಿದ ಪಾದವನ್ನು ಹಿಂದಿನ ಚಕ್ರ ಎಳೆದುಕೊಳ್ಳುತ್ತದೆ. ಕೌಂಟರಿನಲ್ಲಿ ನಾಲ್ಕು ಸೈಜಿನ ಕ್ಯಾನ್ವಾಸ್ ಶೂ ಇಟ್ಟಿದ್ದಾರೆ. ದುಪಟ್ಟಾ, ಸೆರಗು ಕಟ್ಟಿಸಿಕೊಳ್ಳುವುದಲ್ಲ, ತೆಗೆದಿಡಿಸುವುದು; ಚೈನಿಗೆ ಸಿಕ್ಕರೆ ಗಂಟು ಉಳಿಸುವುದಿಲ್ಲ. ಮುಂದೆ ಒಬ್ಬ ಗೈಡ್, ಹಿಂದೆ ಒಬ್ಬ, ಗಾಡಿಗಳ ನಡುವೆ 15–20 ಮೀಟರ್, ಹೋಗುವುದು–ಬರುವುದು ಬೇರೆ ಬೇರೆ ಸಾಲಿನಲ್ಲಿ. ಪಟ್ಟಿ 12 ಮೀಟರಿಗಿಂತ ಕಿರಿದಾದರೆ ಹಿಂದಿನ ಗೈಡ್ ಸೀಟಿ ಊದುತ್ತಾನೆ, ಎಲ್ಲರೂ ಮರಳುತ್ತಾರೆ. ಅಪ್ಪನ ಮುಂದೆ ಮಗು ಇಲ್ಲ. ಇದರ ಮೇಲೆ ದಿನಕ್ಕೆ ನಾಲ್ಕೈದು ಜಗಳ ಆಗುತ್ತವೆ. "ಇಷ್ಟು ದೂರದಿಂದ ಬಂದಿದ್ದೇವೆ ಸರ್" ಎನ್ನುವವರನ್ನು ಒಂಟೆಯ ಕಡೆ ಕಳಿಸಲಾಗುತ್ತದೆ. ಗಟ್ಟಿ ಪಟ್ಟಿಯಲ್ಲಿ ಗಾಡಿ ಓಡದ ಉಬ್ಬರದ ಹೊತ್ತಿನಲ್ಲಿ ಮೇಲಿನ ಒಣ ಹೊಯ್ಗೆಯಲ್ಲಿ ಒಂಟೆ ನಡೆಯುತ್ತದೆ. ಗಾಡಿ ನಿಂತಾಗ ಒಂಟೆ, ಒಂಟೆ ಮಲಗಿದಾಗ ಗಾಡಿ. ಸದ್ದಿನ ಸಮಸ್ಯೆ ಅಲ್ಲಿಗೆ ತೀರಿತು. ಪ್ಯಾಕೇಜ್ ಒಡೆದು ಎರಡು ಟಿಕೆಟ್ ಮಾಡಿದರು, ಎಟಿವಿ ದರ ಏರಿಸಿದರು. ಆದಾಯ ಹಳೆಯ ಮಟ್ಟಕ್ಕೆ ಬರಲಿಲ್ಲ, ರಿಪೇರಿ ಖರ್ಚು ಅದಕ್ಕಿಂತ ಹೆಚ್ಚು ಇಳಿಯಿತು.

ಮಳೆಗಾಲಕ್ಕೆ

ಮೇ ಮಧ್ಯಕ್ಕೆ ಒಂಟೆಗಳು ವಾಪಸು. ಜೂನಿನ ಮಳೆಯಲ್ಲಿ ಅವುಗಳ ಪಾದಕ್ಕೂ ಚರ್ಮಕ್ಕೂ ಈ ಊರು ತಕ್ಕದ್ದಲ್ಲ. ಗಾಡಿಗಳ ಆಕ್ಸಲಿನಡಿ ಕಲ್ಲು ಕೊಟ್ಟು ಚಕ್ರ ನೆಲ ಬಿಡುವಂತೆ ನಿಲ್ಲಿಸಿ, ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಬಸಿದು, ಪ್ಲಗ್ಗಿನ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಎರಡು ಸುತ್ತು ತಿರುಗಿಸಿ ಇಡುತ್ತಾರೆ. ಬ್ಯಾಟರಿ ಮನೆಯೊಳಗೆ, ತಿಂಗಳಿಗೊಮ್ಮೆ ಚಾರ್ಜಿಗೆ. ಟಾರ್ಪಾಲನ್ನು ಬಿಗಿದು ಸುತ್ತಿದರೆ ಒಳಗೇ ಬೆವರಿ ತುಕ್ಕು ಹಿಡಿಯುತ್ತದೆ, ಹಾಗಾಗಿ ಮಾಡಿನಂತೆ ಮೇಲೆ ಮಾತ್ರ ಕಟ್ಟಬೇಕು, ಬದಿಗಳು ತೆರೆದಿರಲಿ. ಸೈಲೆನ್ಸರಿನ ಬಾಯಿಗೆ ಇಲಿ, ಕಣಜ ಹೊಗದಂತೆ ಬಟ್ಟೆ ತುರುಕಿ, ಹ್ಯಾಂಡಲಿಗೆ ಒಂದು ರಟ್ಟು ಕಟ್ಟಿ ಬರೆದಿಡುತ್ತಾರೆ: "ಬಾಯಲ್ಲಿ ಬಟ್ಟೆ ಉಂಟು." ಸೆಪ್ಟೆಂಬರಿನಲ್ಲಿ ಬೀಗ ತೆಗೆದವನು ಮೊದಲು ಸೆಲ್ಫನ್ನೇ ಒತ್ತುತ್ತಾನೆ ಎಂಬುದು ಗೊತ್ತಿರುವ ಕಾರಣಕ್ಕೆ.